ಬೆಲ್ಲದ ದಾರಿ ಬೇರೆ, ಧೂಳಿನ ದಾರಿ ಬೇರೆ

ಟಿ.ಬಿ. ಐತೆ ಅಂತ ಹೇಳಿದ ದಿನ ನನಗೆ ಖುಷಿಯಾಗಿತ್ತು. ನಗಬ್ಯಾಡ್ರಿ, ನಿಜ ಹೇಳ್ತಿದೀನಿ. ಅದಕ್ಕೂ ಮುಂಚೆ ಕೆಮ್ಮಿ ಕೆಮ್ಮಿ ಪಕ್ಕೆ ಹಿಡ್ಕಂಡು, ಮನೆ ಮುಂದಿನ ಮೆಟ್ಟಿಲು ಹತ್ತೋಕೆ ಏದುಸಿರು ಬಿಡ್ತಾ, ಏನೋ ಕೆಟ್ಟದ್ದೇ ಹೊಕ್ಕಂಡೈತೆ ಅಂತ ಒಳಗೊಳಗೇ ಹೆದರಿದ್ದೆ. ಹೊಳಲ್ಕೆರೆಯಲ್ಲಿ ನಾವು ತೋರಿಸ್ತಿದ್ದ ಡಾಕ್ಟ್ರು ಎಕ್ಸ್‌ರೇನ ಬೆಳಕಿಗೆ ಹಿಡಿದು, "ಟಿ.ಬಿ. ಇದ್ದಂಗೆ ಕಾಣುತ್ತೆ ತಿಪ್ಪೇಸ್ವಾಮಿ. ಆರು ತಿಂಗಳು ಮಾತ್ರೆ ತಗಂಡ್ರೆ ಹೋಗುತ್ತೆ" ಅಂದ್ರು. ನನ್ನ ಕಿವಿಗೆ ಬಿದ್ದಿದ್ದು ಕೊನೇ ಮಾತು ಮಾತ್ರ. ಹೋಗುತ್ತೆ! ಆರು ತಿಂಗಳು ತಾನೇ, ಆಮೇಲೆ ಮತ್ತೆ ಸ್ಲ್ಯಾಬ್ ಹತ್ತಬಹುದು ಅಂದ್ಕಂಡು, ಬರೋ ದಾರೀಲಿ ಹೆಂಡತಿಗೆ ಅಂತ ಮಲ್ಲಿಗೆ ಹೂವು ಬೇರೆ ತಗಂಡೆ.

ನನಗಿದ್ದಿದ್ದು ಅದೊಂದೇ ಆಸೆ. ಸ್ಲ್ಯಾಬ್ ಹತ್ತಬೇಕು, ಹನುಮಕ್ಕನ ಪಕ್ಕ ನಿಂತು ಕೆಲಸ ಮಾಡಬೇಕು. ಇವತ್ತಿಗೂ ಅದೇ. ದುರ್ಗದ ಆಸ್ಪತ್ರೆ ಬೆಂಚಿನ ಮೇಲೆ ನನ್ನ ಪಕ್ಕ ಕುಂತು ಕೆಮ್ಮೋ ಜನ ಎಷ್ಟೋ ಮಂದಿ. ಒಬ್ರಿಗೊಬ್ರು ಕಾಯಿಲೆ ಹೇಳ್ಕಂತೀವಿ, ಮಾತ್ರೆ ತೋರಿಸ್ಕಂತೀವಿ. ಆದ್ರೆ ಬಿಟ್ಟುಬಂದ ಕೆಲಸಕ್ಕೆ ಮನಸ್ಸು ಹೆಂಗೆ ಹಂಬಲಿಸುತ್ತೆ ಅನ್ನೋದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ನಾಚಿಕೆ. ಗಂಡಸು ಕೆಲಸಕ್ಕಾಗಿ ಅಳ್ತಾನಾ ಅಂತ. ನಾನು ಅತ್ತಿದೀನಿ. ಅದಕ್ಕೇ ಇದನ್ನ ಬರೀತಿದೀನಿ.

ಹನುಮಕ್ಕ ನನ್ನ ಹೆಂಡತಿ. ನಮ್ಮಕ್ಕನ ಮಗಳೇ, ಹಂಗಾಗಿ ಮದುವೆಗೆ ಮುಂಚಿಂದಲೂ ನಾನು ಅವಳಿಗೆ ಮಾವ, ಆಮೇಲೂ ಮಾವಾನೇ. ಹೊಸದುರ್ಗದ ಕಡೆ ಕುರಿ ಸಾಕೋ ಮನೆತನ ನಮ್ಮದು. ಕುರಿ ನಮ್ಮಣ್ಣ ನೋಡ್ಕಂಡ, ನಾನು ಗಾರೆ ಕೆಲಸಕ್ಕೆ ಬಂದೆ. ಕಟ್ಟೋದಕ್ಕಿಂತ ಕೆಡವೋದು ನನ್ನ ಕೈಹಿಡೀತು. ಹೊಳಲ್ಕೆರೆಯಲ್ಲಿ ಬಾಡಿಗೆ ಮನೆ ಮಾಡಿದ್ವಿ. ದುರ್ಗ, ಹಿರಿಯೂರು, ಹೊಸದುರ್ಗ, ಎಲ್ಲಿ ಹಳೇ ಆರ್‌ಸಿಸಿ ಮನೆ ಕೆಡವಬೇಕಂದ್ರೂ ನಮ್ಮ ಗ್ಯಾಂಗಿಗೆ ಫೋನ್ ಬರೋದು. ರಸ್ತೆ ಅಗಲ ಮಾಡೋ ಕಾಲದಲ್ಲಂತೂ ಪುರುಸೊತ್ತೇ ಇರಲಿಲ್ಲ. ಮನೆಯ ಮುಂದಿನ ಅರ್ಧ ಕತ್ತರಿಸಬೇಕು, ಹಿಂದಿನ ಅರ್ಧದಲ್ಲಿ ಒಂದು ಬಿರುಕೂ ಬೀಳಬಾರದು, ಒಳಗೆ ಅವರ ದೇವರ ದೀಪ ಉರೀತಾನೇ ಇರಬೇಕು. ಅಂಥ ಕೆಲಸ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅಂತ ಮನೆ ಓನರುಗಳು ನಮ್ಮ ಮುಂದೇನೇ ಗಾದೆ ಹೇಳೋರು. ನನಗೆ ಮೈ ಉರಿಯೋದು. ಮಡಕೆ ಒಡೆಯೋಕೆ ನಿಮಿಷ ಸಾಕು ಕಣ್ರಿ, ತಲೆ ಮೇಲಿನ ಸ್ಲ್ಯಾಬನ್ನ ಯಾರ ತಲೆ ಮೇಲೂ ಬೀಳದಂಗೆ ಇಳಿಸೋಕೆ ಸಾಕಾಗಲ್ಲ. ಮೊದಲು ಕೆಳಗಡೆ ಸರ್ವೆ ಕಂಬ ಕೊಟ್ಟು ಆಸರೆ ಮಾಡಬೇಕು. ಕೆಳಗಿನ ರೂಮಿಗೆ ಯಾರೂ ಕಾಲಿಡದಂಗೆ ಹಗ್ಗ ಕಟ್ಟಬೇಕು. ಒಡೆಯೋ ತುಂಡಿನ ಮೇಲೆ ಯಾವತ್ತೂ ನಿಲ್ಲಬಾರದು. ಗಟ್ಟಿ ಇರೋ ಕಡೆ ಕಾಲೂರಿ, ಒಡೀತಾ ಒಡೀತಾ ಹಿಂದಕ್ಕೆ ಬರಬೇಕು. ಕಾಂಕ್ರೀಟು ಉದುರಿದ ಮೇಲೂ ಕಂಬಿ ಬಲೆ ಹಂಗೇ ನಿಂತಿರಬೇಕು, ಅದನ್ನ ಕತ್ತರಿಸೋದು ಕಟ್ಟಕಡೇಗೆ. ಗ್ಯಾಸ್ ಕಟ್ಟರ್ ಹಿಡಿಯೋ ಖಾದರ್ ಸಾಬಿ ನಾನು ಕೈ ಎತ್ತೋತಂಕ ಬೆಂಕಿ ಹಚ್ಚುತಿರಲಿಲ್ಲ. ನಮ್ಮ ಗ್ಯಾಂಗಿನಲ್ಲಿ ಒಬ್ಬರ ಬೆರಳೂ ಹೋಗಿಲ್ಲ. ಬೀಳೋದಕ್ಕೆ ಅಷ್ಟು ಹೆದರಿದ್ವಿ. ಉಸಿರಾಡೋದಕ್ಕೂ ಹೆದರಬೇಕು ಅಂತ ಯಾರಿಗೂ ಹೊಳೀಲಿಲ್ಲ.

ಸ್ಲ್ಯಾಬಿಗೆ ಮೊದಲ ತೂತು ಬೀಳೋ ಗಳಿಗೆ ನೆನಸ್ಕಂಡ್ರೆ ಇವತ್ತಿಗೂ ನನ್ನ ಎದೆ ಝಲ್ ಅನ್ನುತ್ತೆ. ಎಷ್ಟೋ ವರ್ಷ ಕತ್ತಲಲ್ಲಿದ್ದ ಅಡುಗೆಮನೆಗೋ ಕೋಣೆಗೋ ಒಂದು ಹಿಡಿಯಷ್ಟು ಬಿಸಿಲು ಬೀಳೋದು. ಒಡೆಯೋ ಬ್ರೇಕರ್ ಮಿಷನ್ ನಿಲ್ಲಿಸಿ ನಾನು ತೂತಿನಲ್ಲಿ ಬಗ್ಗಿ ನೋಡ್ತಿದ್ದೆ. ಹಗ್ಗದ ಆಚೆ ಬಾಗಿಲಲ್ಲಿ ನಿಂತಿರೋಳು ಹನುಮಕ್ಕ, ತಲೆಗೆ ಟವೆಲ್ ಸುತ್ಕಂಡು, ಸೊಂಟಕ್ಕೆ ಬಾಂಡ್ಲಿ ಆನಿಸ್ಕಂಡು.

"ಕಂಡೆನೇನೇ?" ಅಂತಿದ್ದೆ.

"ಕಂಡೆ ಬಿಡು, ನಿನ್ನ ಮೂತಿ ನೋಡೋಕೆ ಸ್ಲ್ಯಾಬ್ ಒಡೀಬೇಕಿತ್ತಾ?" ಅನ್ನೋಳು.

ಮಧ್ಯಾಹ್ನ ಉಳಿದಿರೋ ಸ್ಲ್ಯಾಬಿನ ಮೇಲೇ ಕುಂತು ರೊಟ್ಟಿ ಬಿಚ್ಚುತಿದ್ವಿ. ದುರ್ಗದಲ್ಲಾದ್ರೆ ದೂರದ ಗುಡ್ಡದ ಮೇಲೆ ಗಾಳಿ ಫ್ಯಾನು ತಿರುಗೋದು ಕಾಣೋದು. ಶೇಂಗಾ ಚಟ್ನಿಗೆ ಧೂಳು ಬೀಳದಂಗೆ ಅವಳು ಸೆರಗು ಅಡ್ಡ ಹಿಡಿಯೋಳು. ಅಷ್ಟೇ. ಅದಕ್ಕಿಂತ ದೊಡ್ಡ ಸುಖ ಏನೂ ಇರಲಿಲ್ಲ, ಬೇಕೂ ಆಗಿರಲಿಲ್ಲ.

ಈಗ ಧೂಳಿನ ವಿಷಯ. ಸ್ಲ್ಯಾಬ್ ಒಡೆದ್ರೆ ಅಕ್ಕಪಕ್ಕದ ಮನೆಯೋರು ಜಗಳಕ್ಕೆ ಬರ್ತಾರೆ. ಒಣಗಾಕಿದ ಬಟ್ಟೆ ಮೇಲೆ ಕುಂತಿತು, ಹಿಟ್ಟಿನ ಡಬ್ಬಿಗೆ ಬಿತ್ತು ಅಂತ ಬೈಗುಳ. ಅದಕ್ಕೆ ನಾವು ಸುತ್ತ ಟಾರ್ಪಾಲು ಇಳಿಬಿಟ್ಟು, ಕಿಟಕಿಗೆಲ್ಲ ಗೋಣಿಚೀಲ ತುರುಕಿ, ಒಂದು ಚಿಟಿಕೆ ಧೂಳೂ ಆಚೆ ಹೋಗದಂಗೆ ಬಂದೋಬಸ್ತ್ ಮಾಡ್ತಿದ್ವಿ. "ತಿಪ್ಪೇಸ್ವಾಮಿ ಗ್ಯಾಂಗು ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ" ಅಂತ ಜನ ಹೊಗಳೋರು. ಆಚೆ ಹೋಗದ ಧೂಳು ಎಲ್ಲಿ ಹೋಗಬೇಕು? ಒಳಗಿದ್ದೋರು ನಾವೇ. ನೀರು ಹಾಕಿದ್ರೆ ಕಮ್ಮಿ ಆಗೋದು, ಆದ್ರೆ ನಮ್ಮದು ಕರೆಂಟ್ ಮಿಷನ್ನು, ಷಾಕ್ ಹೊಡೀತದೆ ಅಂತ ಒಂದು ಚೊಂಬು ನೀರನ್ನೂ ಹತ್ರ ಬಿಡ್ತಿರಲಿಲ್ಲ. ಮೂಗಿಗೆ ಟವೆಲ್ ಕಟ್ಕಂಡ್ರೆ ಆಯ್ತು.

ಅದೂ ಅಲ್ದೆ, ನಮ್ಮ ಹತ್ರ ಬೆಲ್ಲ ಇತ್ತು. ಧೂಳಿನ ಕೆಲಸ ಮಾಡೋರು ಸಂಜೆ ಒಂದು ಹೆಂಟೆ ಬೆಲ್ಲ ತಿನ್ನಬೇಕು, ಎದೆಯಲ್ಲಿ ಕುಂತ ಧೂಳನ್ನೆಲ್ಲ ಬೆಲ್ಲ ಎಳ್ಕಂಡು ಹೋಗಿ ಬೆಳಿಗ್ಗೆ ಆಚೆ ಹಾಕ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟಿದ್ದು ಅದು, ಅವನಿಗೆ ಅವನ ಮೇಸ್ತ್ರಿ. ಮನೆ ಓನರುಗಳಿಗೂ ಗೊತ್ತಿತ್ತು. ಟೀ ಕೊಡದಿದ್ರೂ ಬೆಲ್ಲ ಕೊಡೋರು. ಗ್ಯಾಂಗಿಗೆ ಬೆಲ್ಲ ಹಂಚೋದು ಹನುಮಕ್ಕನ ಪಾಲಿನ ಕೆಲಸ. ಸಂಜೆ ಕೈಕಾಲು ತೊಳ್ಕಂಡು ಸಾಲಾಗಿ ನಿಂತ್ರೆ ಒಬ್ಬೊಬ್ಬರ ಕೈಗೂ ಇಡೋಳು. ನನಗೆ ಮಾತ್ರ ದೊಡ್ಡ ಹೆಂಟೆ. "ನೀನು ಮಿಷನ್ ಹಿಡಿಯೋನು, ನಿನಗೆ ಜಾಸ್ತಿ ಹೋಗಿರ್ತದೆ" ಅನ್ನೋಳು. ನಾವು ಅದನ್ನ ತಿಂದು, ನೀರು ಕುಡಿದು, ಎದೆ ತೊಳೆದು ಹೋಯ್ತು ಅಂದ್ಕಂಡು ಮನೆಗೆ ಬರ್ತಿದ್ವಿ.

ಟಿ.ಬಿ. ಮಾತ್ರೆ ಶುರುವಾದ ಮೇಲೆ ಮನೆಯಲ್ಲಿ ನನ್ನ ತಟ್ಟೆ ಲೋಟ ಬೇರೆಯಾದ್ವು. ಹನುಮಕ್ಕ ಮಾಡಿದ್ದಲ್ಲ, ನಮ್ಮಕ್ಕ ಊರಿಂದ ಬಂದು ಮಾಡಿದ್ದು. ನನ್ನನ್ನ ಎತ್ತಿ ಆಡಿಸಿದ ಅಕ್ಕ, ಈಗ ಅತ್ತೆ ಕೂಡ. ದೂರದಿಂದಲೇ ಮುದ್ದೆ ತಟ್ಟೆ ನೂಕಿ, ಸೆರಗು ಬಾಯಿಗೆ ಹಿಡ್ಕಂಡು, "ಬೇಜಾರ್ ಮಾಡ್ಕಬ್ಯಾಡ ಕಣೋ ತಮ್ಮಾ" ಅಂತ ಅಳೋಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದು ಮೊಮ್ಮಗಳ ವಿಷಯದಲ್ಲಿ. ನಮ್ಮ ಮಗಳನ್ನ ಭರಮಸಾಗರಕ್ಕೆ ಕೊಟ್ಟೈತೆ. ಅವಳ ಕೂಸು ಆಗಿನ್ನೂ ಅಂಬೆಗಾಲಿಡ್ತಿತ್ತು. ಮಗಳು ಬಂದಾಗ ಕೂಸು ನೆಟ್ಟಗೆ ನನ್ನ ಕಡೇನೇ ಬರೋದು, ಇವರೆಲ್ಲ ಹಾವು ಕಂಡಂಗೆ ಕಿರುಚಿ ಎತ್ಕಳೋರು. ನಾನು ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಆರು ತಿಂಗಳು ಕಳೀಲಿ, ಈ ಕೂಸನ್ನ ಹೆಗಲ ಮೇಲೆ ಕೂರಿಸ್ಕಂಡು ಸ್ಲ್ಯಾಬ್ ತೋರಿಸ್ತೀನಿ ಅಂತ ಹಲ್ಲು ಕಚ್ಚಿ ಮಾತ್ರೆ ನುಂಗಿದೆ.

ಆರು ತಿಂಗಳು ಕಳೀತು. ಕೆಮ್ಮು ಹೋಗಲಿಲ್ಲ. ಮೊದಲು ಮೆಟ್ಟಿಲಿಗೆ ಬರ್ತಿದ್ದ ಏದುಸಿರು ಈಗ ಚಪ್ಪಲಿ ಹಾಕ್ಕಳೋಕೆ ಬಗ್ಗಿದ್ರೂ ಬರೋಕೆ ಶುರುವಾಯ್ತು. ಅಕ್ಕ ಕೇಳಲಿಲ್ಲ, ಹಾಲುರಾಮೇಶ್ವರಕ್ಕೆ ಕರ್ಕಂಡು ಹೋದಳು. ಅಲ್ಲಿ ಹೊಂಡದ ಮುಂದೆ ಕುಂತು ಬೇಡ್ಕಂಡ್ರೆ ಗಂಗಮ್ಮ ನೀರೊಳಗಿಂದ ಏನಾದ್ರೂ ಮೇಲಕ್ಕೆ ಕಳಿಸ್ತಾಳೆ ಅಂತ ನಂಬಿಕೆ. ನಾನು ಕುಂತೆ. ಎಲ್ಲರೂ ಹಣ್ಣು ಬರ್ಲಿ, ಹೂವು ಬರ್ಲಿ ಅಂತ ನೀರು ನೋಡ್ತಿದ್ರೆ, ನಾನು ಕಣ್ಣು ಮುಚ್ಚಿ, "ತಾಯೀ, ಹಣ್ಣುಹೂವು ನೀನೇ ಇಟ್ಕ, ನನ್ನ ಉಸಿರು ನನಗೆ ಕೊಡು, ಅವಳ ಜೊತೆ ಒಂದು ಸಲ ಮೇಲೆ ನಿಲ್ಲಿಸು" ಅಂದೆ. ಏನೂ ಮೇಲೆ ಬರಲಿಲ್ಲ. ಅಕ್ಕ ಮಾತ್ರ, ನೀರು ಅಲ್ಲಾಡಿತು, ನಾನು ನೋಡಿದೆ ಅಂತ ವಾದ ಮಾಡಿದ್ಳು. ಪಾಪ, ಅವಳ ಬಾಯಿಗೆ ಸಕ್ಕರೆ ಹಾಕ.

ಆಮೇಲೆ ದುರ್ಗದ ಆಸ್ಪತ್ರೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕುಂತ್ರೆ ನಮ್ಮ ಸರದಿ ಬರೋ ಹೊತ್ತಿಗೆ ಬಿಸಿಲು ಬಾಗಿಲು ದಾಟಿ ಒಳಗೆ ಬಂದಿರೋದು. ಎದೆ ಡಾಕ್ಟ್ರ ರೂಮಿನ ಮುಂದೆ ಒಬ್ಬರು ಕೆಮ್ಮಿದ್ರೆ ಸಾಕು, ಸಾಲು ಪೂರ್ತಿ ಕೆಮ್ಮೋದು. ಒಂದು ದಿನ ಹಿರಿಯೂರಿನ ಕಲ್ಲುಪುಡಿ ಮಿಲ್ಲಿನೋನೊಬ್ಬ ಪಕ್ಕದಲ್ಲಿ ಕುಂತಿದ್ದ. ನನಗಿಂತ ಚಿಕ್ಕೋನು, ಕೆನ್ನೆ ಒಳಗೋಗಿದ್ವು. ಬಾಳೆಹಣ್ಣು ಮುರಿದು ಅರ್ಧ ನನ್ನ ಕೈಗಿಟ್ಟ. "ತಗಳ್ರಿ ಅಣ್ಣಾ, ಟಿ.ಬಿ. ಐತೆ ಅಂತ ನನ್ನ ಕೈಯಿಂದ ಯಾರೂ ತಗಳಲ್ಲ" ಅಂದ. "ನನ್ನ ಕೈಯಿಂದಾನೂ ತಗಳಲ್ಲ ಮಾರಾಯ" ಅಂದೆ. ಇಬ್ಬರೂ ನಕ್ಕು, ನಗು ಕೆಮ್ಮಾಗಿ, ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದ ಮೇಲೆ ಇನ್ನೊಬ್ಬರ ಕೈಯಿಂದ ತಗಂಡು ತಿಂದಿದ್ದು ಅದೇ. ಆ ಹಣ್ಣಿನ ರುಚಿ ಇನ್ನೂ ಬಾಯಲ್ಲೈತೆ.

ಡಾಕ್ಟ್ರು ಹೆಣ್ಣುಮಗಳು, ಇನ್ನೂ ಸಣ್ಣ ವಯಸ್ಸು. ಹಳೇ ಎಕ್ಸ್‌ರೇ ನೋಡಿದ್ರು, ಕಫ ಪರೀಕ್ಷೆ ಕಾಗದ ನೋಡಿದ್ರು, ಎಲ್ಲ ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ್ರು.

"ಏನು ಕೆಲಸ ಮಾಡ್ತೀರಿ?"

ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. "ಗಾರೆ ಕೆಲಸ ಮೇಡಂ" ಅಂದೆ.

"ಗಾರೆ ಕೆಲಸದಲ್ಲಿ ಏನು?"

"ಸ್ಲ್ಯಾಬ್ ಒಡೀತೀವಿ. ಹಳೇ ಮನೇವು."

"ಧೂಳು ಬರುತ್ತಾ?"

ಹನುಮಕ್ಕ ನನಗಿಂತ ಮುಂಚೆ ಬಾಯಿ ಹಾಕಿದ್ಳು. "ಆಚೆಗೆ ಒಂಚೂರೂ ಬಿಡಲ್ಲ ಮೇಡಂ, ಸುತ್ತ ಟಾರ್ಪಾಲು ಕಟ್ತೀವಿ." ಹೆಮ್ಮೆಯಿಂದ ಹೇಳಿದ್ಳು. ಡಾಕ್ಟ್ರು ಪೆನ್ನು ಕೆಳಗಿಟ್ರು.

ಸ್ಕ್ಯಾನಿಂಗ್ ಆಯ್ತು, ಊದಿಸೋ ಮಿಷನ್ ಆಯ್ತು. ಮುಂದಿನ ವಾರ ಹೋದಾಗ ನಮ್ಮಿಬ್ಬರನ್ನೂ ಕೂರಿಸ್ಕಂಡು ನಿಧಾನಕ್ಕೆ ಹೇಳಿದ್ರು. ಇದು ಟಿ.ಬಿ. ಅಲ್ಲ. ಕಾಂಕ್ರೀಟಿನ ಧೂಳು, ಕಲ್ಲಿನ ಧೂಳು, ಎದೆಯೊಳಗೆ ಕುಂತು ಗಟ್ಟಿಯಾಗಿದೆ. ಸಿಲಿಕೋಸಿಸ್ ಅಂತಾರೆ. ಒಳಗೆ ಕುಂತಿದ್ದನ್ನ ತೆಗೆಯೋಕೆ ಆಗಲ್ಲ, ಇನ್ನಷ್ಟು ಹೋಗದಂಗೆ ನೋಡ್ಕಬಹುದು ಅಷ್ಟೇ.

ಹನುಮಕ್ಕ ಒಪ್ಪಲಿಲ್ಲ. "ಇಲ್ಲ ಮೇಡಂ, ಹಂಗಾಗಕ್ಕೆ ಸಾಧ್ಯಾನೇ ಇಲ್ಲ. ನಾವು ದಿನಾ ಬೆಲ್ಲ ತಿಂತೀವಿ. ನಾನೇ ಕೈಯಾರೆ ಕೊಡ್ತೀನಿ, ಇವನಿಗೆ ಎಲ್ಲರಿಗಿಂತ ದೊಡ್ಡ ಹೆಂಟೆ."

ಡಾಕ್ಟ್ರು ನಗಲಿಲ್ಲ. ಅವರು ನಕ್ಕಿದ್ರೆ ನಾನು ಎದ್ದು ಬರ್ತಿದ್ದೆ. ತಮ್ಮ ಗಂಟಲ ಮೇಲೆ ಎರಡು ಬೆರಳಿಟ್ಟು, "ಇಲ್ಲಿ ಎರಡು ದಾರಿ ಇದೆ ಅಮ್ಮಾ. ಒಂದು ಹೊಟ್ಟೆಗೆ, ಒಂದು ಎದೆಗೆ. ಬೆಲ್ಲ ಹೋಗಿದ್ದು ಹೊಟ್ಟೆಗೆ. ಧೂಳು ಹೋಗಿದ್ದು ಎದೆಗೆ. ಅವೆರಡೂ ಒಂದನ್ನೊಂದು ನೋಡೇ ಇಲ್ಲ" ಅಂದ್ರು.

ನಾನು ಕೇಳಬೇಕಾಗಿದ್ದು ಒಂದೇ ಇತ್ತು. "ಮೇಡಂ, ಮತ್ತೆ ಯಾವಾಗ ಸ್ಲ್ಯಾಬ್ ಹತ್ತಬಹುದು?"

"ಆ ಕೆಲಸಕ್ಕೆ ಇನ್ನು ಹೋಗಬಾರದು."

"ನೀರು ಹಾಕ್ಕಂಡು ಮಾಡಿದ್ರೆ? ಮಾಸ್ಕ್ ಹಾಕ್ಕಂಡ್ರೆ?"

"ಅದೆಲ್ಲ ಉಳಿದೋರಿಗೆ ಹೇಳಿ, ಖಂಡಿತ ಮಾಡಲಿ. ನಿಮಗೆ ಮಾತ್ರ ಧೂಳಿನ ಹತ್ತಿರ ಸುಳಿಯೋದೇ ಬೇಡ." ಆಮೇಲೆ ಸ್ವಲ್ಪ ಮೆತ್ತಗೆ, "ಇವರ ಎಕ್ಸ್‌ರೇನೂ ತೆಗೆಸಿ, ಇವತ್ತೇ" ಅಂದ್ರು, ಹನುಮಕ್ಕನ ಕಡೆ ನೋಡಿ.

ಅವಳ ಎಕ್ಸ್‌ರೇ ಬರೋತಂಕ ಆಸ್ಪತ್ರೆ ಆವರಣದ ಮರದ ಕೆಳಗೆ ಕುಂತಿದ್ವಲ್ಲ, ಆ ಹೊತ್ತನ್ನ ನನ್ನ ಶತ್ರುವಿಗೂ ಕೊಡಬ್ಯಾಡ ದೇವರೇ. ಅವಳಿಗೆ ತನ್ನ ಎದೆಯ ಯೋಚನೇನೇ ಇರಲಿಲ್ಲ. ಸೆರಗಿನ ತುದಿ ತಿರುವ್ತಾ, "ಹಿರಿಯೂರು ಕೆಲಸದಾಗ ಬೆಲ್ಲ ತೀರಿತ್ತು ಮಾವ. ಸಂತೆಗೆ ಹೋಗಿ ತರ್ಬೇಕಿತ್ತು, ನಾನು ಸೋಮಾರಿತನ ಮಾಡಿದೆ. ಆಗ್ಲೇ ನಿನ್ನ ಎದೆಗೆ ಕುಂತಿದ್ದು ಅದು" ಅಂತ ಅಳೋಕೆ ಶುರು ಮಾಡಿದ್ಳು.

"ಲೇ ಹುಚ್ಚಿ, ಡಾಕ್ಟ್ರು ಹೇಳಿದ್ದು ಕೇಳ್ಸಲಿಲ್ವೇನೇ? ದಾರೀನೇ ಬೇರೆ ಅಂತೆ."

"ಅವರಿಗೇನು ಗೊತ್ತು, ಅವರು ಸ್ಲ್ಯಾಬ್ ಒಡೆದವ್ರಾ?"

ಏನು ಹೇಳ್ಲಿ ಇವಳಿಗೆ! ಅವಳ ಕೈ ಹಿಡ್ಕಂಡು ಕುಂತೆ. ಬಾಂಡ್ಲಿ ಹೊತ್ತು ಹೊತ್ತು ಅಂಗೈ ಕಲ್ಲಾಗಿದ್ವು. ನನಗೆ ಬಂದಿದ್ದು ಬರ್ಲಿ, ಈ ಹೆಂಗಸಿನ ಎದೆ ಬಿಟ್ಟುಬಿಡಪ್ಪ ಅಂತ ಯಾವ ದೇವರನ್ನ ಕೇಳಿದೆನೋ ನನಗೇ ಗೊತ್ತಿಲ್ಲ. ಯಾರೋ ಒಬ್ಬ ದೇವರು ಕೇಳಿಸ್ಕಂಡ. ಸದ್ಯಕ್ಕೆ ಏನೂ ಕಾಣ್ತಿಲ್ಲ, ವರ್ಷ ವರ್ಷ ತೋರಿಸ್ತಾ ಇರಿ ಅಂದ್ರು. ಆಗ ನಾನು ಅತ್ತುಬಿಟ್ಟೆ ನೋಡ್ರಿ, ನನ್ನ ಕಾಯಿಲೆಗೂ ಅಷ್ಟು ಅತ್ತಿರಲಿಲ್ಲ.

ಇನ್ನೊಂದು ಲಾಭ ಆಯ್ತು. ಟಿ.ಬಿ. ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಅಕ್ಕ ನನ್ನ ಬೇರೆ ತಟ್ಟೆ ಲೋಟ ತಗಂಡೋಗಿ ಗುಜರಿಗೆ ಹಾಕಿ ಬಂದ್ಳು. ಆ ವಾರವೇ ಮಗಳು ಬಂದು ಕೂಸನ್ನ ನನ್ನ ತೊಡೆ ಮೇಲೆ ಕುಕ್ಕಿದ್ಳು. ಅದು ನನ್ನ ಮೀಸೆ ಕಿತ್ತು ಕೈಗೆ ಕೊಡ್ತು. ಹೆಗಲ ಮೇಲೆ ಕೂರಿಸ್ಕಳೋಕೆ ಮಾತ್ರ ಉಸಿರು ಸಾಲಲಿಲ್ಲ.

ಗ್ಯಾಂಗು ನಿಲ್ಲಂಗಿರಲಿಲ್ಲ. ಒಲೆ ಉರೀಬೇಕಲ್ಲ. ಒಂದು ಬೆಳಿಗ್ಗೆ ಹನುಮಕ್ಕ ನನ್ನ ಹಳೇ ಟೇಪು, ಹಗ್ಗ ಎಲ್ಲ ಚೀಲಕ್ಕೆ ತುಂಬ್ಕಂಡು ಹೊರಟ್ಳು. ಹೆಂಗಸು ಸ್ಲ್ಯಾಬ್ ಒಡೀತಾಳಾ ಅಂತ ದುರ್ಗದ ಓನರೊಬ್ಬ ಕೇಳಿದ್ನಂತೆ. "ಒಡೆಯೋದು ಮಿಷನ್ನು. ಎಲ್ಲಿ ಒಡೀಬಾರದು ಅಂತ ಹೇಳೋದು ನಾನು" ಅಂದ್ಲಂತೆ. ಖಾದರ್ ಸಾಬಿ ಬಂದು ನನಗೆ ಹೇಳಿ ಹೇಳಿ ನಕ್ಕ. ಡಾಕ್ಟ್ರು ಹೇಳಿದ್ದನ್ನ ಅವಳು ಬಾಯಲ್ಲಿ ಒಪ್ಪದಿದ್ರೂ ಕೆಲಸದಲ್ಲಿ ಒಪ್ಪಿದ್ಳು. ಕರೆಂಟ್ ಮಿಷನ್ ಬಿಟ್ಟು ಟ್ರ್ಯಾಕ್ಟರ್ ಕಂಪ್ರೆಸರ್ ತರಿಸಿದ್ಳು. ಅದಕ್ಕೆ ಷಾಕಿನ ಭಯ ಇಲ್ಲ, ಪೈಪಿನಲ್ಲಿ ನೀರು ಬಿಟ್ಕಂಡೇ ಒಡೀಬಹುದು. ಟಾರ್ಪಾಲು ರಸ್ತೆ ಕಡೆಗೆ ಮಾತ್ರ. ಕಿಟಕಿಗೆ ಗೋಣಿಚೀಲ ಬಂದ್. ಅಕ್ಕಪಕ್ಕದ ಮನೆಗೆಲ್ಲ ತಾನೇ ಹೋಗಿ, "ಇವತ್ತು ಬಟ್ಟೆ ಒಣಗಾಕಬ್ಯಾಡ್ರಿ ತಾಯೀ, ಕಿಟಕಿ ಹಾಕ್ಕಳ್ರಿ" ಅಂತ ಹೇಳಿ ಬರ್ತಾಳೆ. ಗ್ಯಾಂಗಿನ ಎಲ್ಲರ ಮೂತಿಗೂ ಡಾಕ್ಟ್ರು ಬರಕೊಟ್ಟಂಥ ದಪ್ಪ ಮಾಸ್ಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಆದ್ರೂ ಉಳಿದೋರಿಗಾದ್ರೂ ಬಂತಲ್ಲ.

ನಾನು ಮನೆಯಲ್ಲಿ. ಬೆಳಿಗ್ಗೆ ಡಾಕ್ಟ್ರು ಕೊಟ್ಟ ಉಸಿರಿನ ಪಂಪು ಎಳ್ಕಳೋದು, ಸಂಜೆ ಪಂಪು ಎಳ್ಕಳೋದು. ನಡುವೆ ಇಷ್ಟುದ್ದ ಹಗಲು. ಎಲ್ಲೋ ದೂರದಲ್ಲಿ ಬ್ರೇಕರ್ ಸದ್ದು ಕೇಳಿದ್ರೆ ಕೈ ತಾನಾಗೇ ಮುಷ್ಟಿ ಕಟ್ಕಳೋದು. ಇದು ಸಜ್ಜಾ ಒಡೀತಿರೋ ಸದ್ದು, ಇದು ಗೋಡೆದು ಅಂತ ಒಬ್ಬನೇ ಹೇಳ್ಕಂತಿದ್ದೆ. ಅದಕ್ಕಿಂತ ಕಷ್ಟ ಸಂಜೆ. ಹನುಮಕ್ಕ ಬಂದೋಳು ನೆಟ್ಟಗೆ ಹಿತ್ತಲಿಗೆ ಹೋಗ್ತಾಳೆ. ಬಟ್ಟೆ ಬಕೆಟ್ಟಿಗೆ ಮುಳುಗಿಸಿ, ತಲೆಯಿಂದ ಸ್ನಾನ ಮಾಡಿ, ಬೇರೆ ಸೀರೆ ಉಟ್ಟ ಮೇಲೇನೇ ಒಳಗೆ ಕಾಲಿಡೋದು. ಅವಳ ಮೈಮೇಲಿನ ಧೂಳು ನನಗೆ ಸೋಕಬಾರದು ಅಂತ. ನನಗೋಸ್ಕರ ಅಂತ ಗೊತ್ತು. ಆದ್ರೆ ನನಗೆ ಬೇಕಾಗಿದ್ದು ಸೋಪಿನ ವಾಸನೆಯ ಹೆಂಡತಿ ಅಲ್ಲ, ಸಿಮೆಂಟು ಬೆವರು ವಾಸನೆಯ ಆ ಹಳೇ ಹನುಮಕ್ಕ. ಒಂದೇ ಗೋಡೆ ಆಚೆ ನೀರು ಸುರ್ಕಳೋ ಸದ್ದು ಕೇಳ್ತಾ ನಾನು ಒಳಗೆ ಕುಂತಿರ್ತಿದ್ದೆ, ಊರಿಗೆ ಹೋದೋಳು ಇನ್ನೂ ಬಂದಿಲ್ಲ ಅನ್ನಂಗೆ.

ತಡೀಲಾರದೆ ಒಂದು ದಿನ ಯಾರಿಗೂ ಹೇಳ್ದೆ ಬಸ್ ಹತ್ತಿ ದುರ್ಗಕ್ಕೆ, ಅಲ್ಲಿಂದ ಹಿರಿಯೂರಿಗೆ ಹೋದೆ. ಅವಳ ಸೈಟು ಬಸ್ ಸ್ಟ್ಯಾಂಡಿಗೆ ಹತ್ರ. ಮೇಲೆ ಕೆಲಸ ನಡೀತಿತ್ತು. ಮೂಗಿಗೆ ಟವೆಲ್ ಸುತ್ಕಂಡು ಮೆಟ್ಟಿಲ ಮೇಲೆ ಕಾಲಿಟ್ಟೆ. ಎರಡು ಮೆಟ್ಟಿಲು ಹತ್ತಿರಬೇಕು, ಮಿಷನ್ ಸದ್ದು ಗಪ್ಪನೆ ನಿಂತಿತು. ಮೇಲಿಂದ ಅವಳ ದನಿ.

"ಅಲ್ಲೇ ನಿಲ್ಲು ಮಾವ!"

"ಒಂದ್ ಗಳಿಗೆ ಕಣೇ. ನೋಡ್ಕಂಡು ಇಳೀತೀನಿ."

"ನೀನು ಇನ್ನೊಂದು ಮೆಟ್ಟಿಲು ಹತ್ತು, ನಾನು ಇವತ್ತಿಗೇ ಈ ಕೆಲಸಕ್ಕೆ ಎಳ್ಳುನೀರು ಬಿಡ್ತೀನಿ. ಎಲ್ಲರ ಮುಂದೆ ಹೇಳ್ತಿದೀನಿ."

ಗ್ಯಾಂಗು ಪೂರ್ತಿ ಕೈ ಕಟ್ಟಿ ನಿಂತಿತ್ತು. ನನಗೆ ಅವಮಾನ, ಸಿಟ್ಟು. ಈ ಕೆಲಸ ನಿನಗೆ ಕಲಿಸಿದೋನು ಯಾರೇ ಅಂತ ಕೂಗೋಣ ಅಂದ್ರೆ, ಕೂಗೋಷ್ಟು ಉಸಿರಿರಲಿಲ್ಲ. ತಿರುಗಿ ಬಂದೆ. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡ್ಕಂಡು ದುರ್ಗ ಬರೋತಂಕ ಅತ್ತೆ. ಅವತ್ತು ರಾತ್ರಿ ನಾನು ಅವಳ ಜೊತೆ ಮಾತಾಡಲಿಲ್ಲ, ಅವಳೂ ಆಡಲಿಲ್ಲ. ಒಂದು ವಾರ ಹಂಗೇ ನಡೀತು.

ಎಂಟನೇ ದಿನವೋ ಏನೋ, ಬೆಳಿಗ್ಗೆ ನನ್ನ ಮುಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದಿಟ್ಟಳು.

"ಹೊರಡು ಮಾವ, ದುರ್ಗಕ್ಕೆ ಹೋಗಾಣ. ಹೊಸ ಸೈಟು. ಕಾಯಿ ಒಡೆಯೋಕೆ ಮೇಸ್ತ್ರಿ ಬೇಕು."

"ಈಗ ನೀನೇ ಅಲ್ವಾ ಮೇಸ್ತ್ರಿ?" ಕೊಂಕಾಗೇ ಅಂದೆ.

"ನಾನು ಕೆಡವೋಕೆ ಮೇಸ್ತ್ರಿ. ಕ್ಷಮೆ ಕೇಳೋಕೆ ನೀನೇ ಬೇಕು."

ಮನೆ ಕೆಡವೋ ಮುಂಚೆ ಆ ಮನೆಯ ಕ್ಷಮೆ ಕೇಳೋದು ನಮ್ಮ ಗ್ಯಾಂಗಿನ ಪದ್ಧತಿ. ಸ್ಲ್ಯಾಬಿನ ಮೇಲೆ ಅರಿಶಿಣ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಕಾಯಿ ಒಡೆದು, ಮೇಸ್ತ್ರಿಯಾದೋನು ಎರಡು ಮಾತು ಹೇಳಬೇಕು. ಆಮೇಲೇ ಮೊದಲ ಏಟು. ಅವತ್ತು ಇನ್ನೂ ಒಂದು ಏಟೂ ಬಿದ್ದಿರಲಿಲ್ಲ. ಧೂಳು ಅನ್ನೋದು ಹುಟ್ಟೇ ಇರಲಿಲ್ಲ.

ಎರಡು ಅಂತಸ್ತಿನ ಹಳೇ ಮನೆ. ಮೆಟ್ಟಿಲು, ಸ್ಲ್ಯಾಬು ಎಲ್ಲ ಹಿಂದಿನ ದಿನವೇ ತೊಳೆಸಿದ್ಳು, ಇನ್ನೂ ತಂಪಿತ್ತು. ನಾನು ಹತ್ತಿದೆ. ನಾಲ್ಕು ಮೆಟ್ಟಿಲಿಗೊಂದು ಸಲ ನಿಂತೆ. ಅವಳು ಹಿಂದೆ, ಬೆನ್ನಿಗೆ ಅಂಗೈ ಕೊಟ್ಟು. ಬೇಗ ಬೇಗ ಅನ್ನಲಿಲ್ಲ, ಸಾಕು ಅಂತಲೂ ಅನ್ನಲಿಲ್ಲ. ಖಾದರ್ ಸಾಬಿ ಮೊದಲ ಅಂತಸ್ತಿನಲ್ಲಿ ಒಂದು ಕುರ್ಚಿ ಹಾಕಿಸಿದ್ದ, "ಕುಂತ್ಕಳ್ರಿ ಮೇಸ್ತ್ರಿ" ಅಂತ. ಕುಂತು, ಉಸಿರು ತಗಂಡು, ಮತ್ತೆ ಹತ್ತಿದೆ.

ಮೇಲೆ ಬಂದಾಗ ಗಾಳಿ ಮುಖಕ್ಕೆ ಹೊಡೀತು. ಕಾಲ ಕೆಳಗೆ ಗಟ್ಟಿ ಸ್ಲ್ಯಾಬು, ಪಕ್ಕದಲ್ಲಿ ಹನುಮಕ್ಕ. ನಾನು ಆಸೆ ಪಟ್ಟಿದ್ದೆಲ್ಲ ಇಷ್ಟೇ ಅಲ್ವಾ ಅನ್ನಿಸ್ತು. ಕಾಯಿ ಒಂದೇ ಏಟಿಗೆ ಒಡೀಲಿಲ್ಲ, ಮೂರನೇದಕ್ಕೆ ಒಡೀತು. "ಇಷ್ಟು ದಿನ ನೆರಳು ಕೊಟ್ಟೆ ತಾಯೀ" ಅಂದೆ. ಅಷ್ಟಕ್ಕೇ ಉಸಿರು ಮುಗೀತು. ಮುಂದಿನ ಮಾತು ಅವಳಿಗೆ ಗೊತ್ತಿತ್ತು, ಗ್ಯಾಂಗಿನ ಎಲ್ಲರಿಗೂ ಗೊತ್ತಿತ್ತು. ಯಾರೂ ನನ್ನ ಬದಲು ಹೇಳಲಿಲ್ಲ, ಕಾದ್ರು. ಉಸಿರು ವಾಪಸ್ ಬಂದ ಮೇಲೆ ನಾನೇ ಹೇಳಿ ಮುಗಿಸಿದೆ. "ಹೋಗುವಾಗ ಯಾರ ತಲೆ ಮೇಲೂ ಬೀಳಬ್ಯಾಡ."

ಉಳಿದೋರೆಲ್ಲ ಇಳಿದು ಹೋದ್ರು. ನಾವಿಬ್ರೇ ಸ್ಲ್ಯಾಬಿನ ಅಂಚಿನ ಕಟ್ಟೆ ಮೇಲೆ ಕುಂತ್ವಿ.

"ಇಳಿಯಾಣಾ ಮಾವ?"

"ಇನ್ನೊಂದ್ ಗಳಿಗೆ ಕಣೇ."

"ಇರು. ನೀನು ಇಳಿದು, ರಸ್ತೆ ದಾಟಿ ಆಚೆ ಹೋಗೋತಂಕ ಇಲ್ಲಿ ಒಂದು ಏಟೂ ಬೀಳಲ್ಲ."

ನಾನು ಇಳೀದೇ ಇದ್ರೆ ಈ ಮನೆ ಹಿಂಗೇ ನಿಂತಿರುತ್ತೆ, ಅವಳೂ ಹಿಂಗೇ ಪಕ್ಕದಲ್ಲಿ ಕುಂತಿರ್ತಾಳೆ ಅನ್ನಿಸ್ತು. ಮನಸ್ಸು ಎಷ್ಟು ಸ್ವಾರ್ಥಿ ನೋಡ್ರಿ. ಅವಳ ಭುಜಕ್ಕೆ ಭುಜ ತಾಗಿಸ್ಕಂಡು ಸುಮ್ನೆ ಕುಂತೆ. ಅವಳ ಸೀರೆಗೆ ಇನ್ನೂ ಧೂಳು ಹತ್ತಿರಲಿಲ್ಲ. ಕೆಳಗೆ ಟ್ರ್ಯಾಕ್ಟರ್ ಹತ್ರ ಆಳುಗಳು ಮಾಸ್ಕು ಕೈಯಲ್ಲಿ ಹಿಡ್ಕಂಡು ಮೇಲೆ ನೋಡ್ತಿದ್ರು.

ನಾನೇ ಎದ್ದೆ. ಒಂದೊಂದೇ ಮೆಟ್ಟಿಲು ಇಳಿದು, ರಸ್ತೆ ದಾಟಿ, ಆಚೆ ಬದಿ ಟೀ ಅಂಗಡಿ ಮುಂದೆ ನಿಂತು ತಿರುಗಿ ನೋಡಿದೆ. ಸ್ಲ್ಯಾಬಿನ ಅಂಚಿಗೆ ಬಂದು ಅವಳೂ ನನ್ನನ್ನೇ ನೋಡ್ತಿದ್ಳು, ಪೂರ್ತಿ ದಾಟಿದೀನೋ ಇಲ್ವೋ ಅಂತ. ಇನ್ನೂ ಹಿಂದಕ್ಕೆ ಹೋಗು ಅಂತ ಕೈಮಾಡಿದ್ಳು. ಹೋದೆ. ಆಮೇಲೆ ಮಾಸ್ಕು ಮುಖಕ್ಕೆ ಏರಿಸ್ಕಂಡು, ಮಿಷನ್ನಿನೋನಿಗೆ ಕೈ ಎತ್ತಿದ್ಳು.